ಬಲೂನು ಉಬ್ಬಿತು, ಕಾಯಿಲೆ ಇಳಿಯಲಿಲ್ಲ

2009ರ ನವೆಂಬರ್ 21, ಶನಿವಾರ. ಕೆನಡಾದ ಸಿಟಿವಿ ವಾಹಿನಿ ತನ್ನ ‘ಡಬ್ಲ್ಯೂ5’ ಕಾರ್ಯಕ್ರಮದಲ್ಲಿ ಇಟಲಿಯ ವೈದ್ಯರೊಬ್ಬರ ಕಥೆಯನ್ನು ಬಿತ್ತರಿಸಿತು. ಫೆರಾರಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪಾವ್ಲೊ ಝಾಂಬೋನಿ ರಕ್ತನಾಳಗಳ ತಜ್ಞರು. ಅವರ ಪತ್ನಿ ಎಲೆನಾಗೆ 1995ರಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವುದು ಗೊತ್ತಾಯಿತು. ಪತಿ ಹಳೆಯ ವೈದ್ಯಕೀಯ ಬರಹಗಳನ್ನೆಲ್ಲ ಜಾಲಾಡಿದರು. ನರರೋಗ ತಜ್ಞರು ಒಂದೂವರೆ ಶತಮಾನದಿಂದ ಮೆದುಳಿನಲ್ಲಿ ಹುಡುಕುತ್ತಿದ್ದ ಕಾರಣ ಕುತ್ತಿಗೆಯಲ್ಲಿದೆ ಎಂದರು. ಮೆದುಳಿನಿಂದ ರಕ್ತವನ್ನು ಕೆಳಗಿಳಿಸುವ ಅಭಿಧಮನಿಗಳು ಕಿರಿದಾಗಿವೆ, ಅವನ್ನು ಬಲೂನಿನಿಂದ ಹಿಗ್ಗಿಸಿದರೆ ರೋಗಿ ಚೇತರಿಸಿಕೊಳ್ಳುತ್ತಾನೆ ಎಂಬುದು ಅವರ ವಾದ. ಪತ್ನಿಗೂ ಆ ಚಿಕಿತ್ಸೆಯಾಯಿತು. ಗಂಡನ ಪ್ರೀತಿ, ತಜ್ಞರ ಉಪೇಕ್ಷೆ, ಸುಲಭದ ಪರಿಹಾರ: ಟಿವಿಗೆ ಇನ್ನೇನು ಬೇಕು? ಮರುದಿನದಿಂದಲೇ ಕೆನಡಾದ ನರರೋಗ ತಜ್ಞರ ಮುಂದೆ ರೋಗಿಗಳು ಒಂದೇ ಪ್ರಶ್ನೆ ಹಿಡಿದು ನಿಂತರು. ನಮಗೇಕೆ ಇದನ್ನು ಮಾಡುತ್ತಿಲ್ಲ?

ಝಾಂಬೋನಿ ಅವರ ಊಹೆ ಕೊನೆಗೆ ನಿಲ್ಲಲಿಲ್ಲ. ಅದರಲ್ಲಿ ಅವಮಾನವೇನೂ ಇಲ್ಲ, ಊಹೆಗಳು ಬಿದ್ದುಹೋಗುವುದು ವಿಜ್ಞಾನದ ನಿತ್ಯದ ವ್ಯವಹಾರ. ಆದರೆ ಅದು ಬಿದ್ದುಹೋಗುವ ಹೊತ್ತಿಗೆ ಹಲವು ದೇಶಗಳ ಸಾವಿರಾರು ರೋಗಿಗಳು ದುಡ್ಡು ಕೊಟ್ಟು ಕುತ್ತಿಗೆಗೆ ಬಲೂನು ಹಾಕಿಸಿಕೊಂಡಾಗಿತ್ತು. ಹಾಗೆ ದುಡ್ಡು ಪಡೆದ ಆಸ್ಪತ್ರೆಗಳಲ್ಲಿ ಭಾರತದವೂ ಇದ್ದವು. ತಪ್ಪು ನಡೆದದ್ದು ಊಹೆಯಲ್ಲಲ್ಲ, ಪರೀಕ್ಷೆ ಮುಗಿಯುವ ಮೊದಲೇ ಅದನ್ನು ಅಂಗಡಿಗಿಟ್ಟಿದ್ದರಲ್ಲಿ. ಆ ಅಂಗಡಿ ಇನ್ನೂ ಮುಚ್ಚಿಲ್ಲ, ಅದರೊಳಗಿನ ಸರಕು ಮಾತ್ರ ಬದಲಾಗಿದೆ. ಆದ್ದರಿಂದಲೇ ಈ ಹಳೆಯ ಪ್ರಕರಣವನ್ನು ಮತ್ತೆ ಬಿಚ್ಚಿ ನೋಡಬೇಕು.

ಎಂಎಸ್ ಎಂದು ಚಿಕ್ಕದಾಗಿ ಕರೆಯುವ ಈ ಕಾಯಿಲೆಯಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ಕಣಗಳು ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ಮೇಲೆ ತಿರುಗಿ ಬೀಳುತ್ತವೆ. ನರತಂತುಗಳನ್ನು ಸುತ್ತಿಕೊಂಡಿರುವ ಮಯಲಿನ್ ಎಂಬ ಪೊರೆ ಅಲ್ಲಲ್ಲಿ ಕಿತ್ತುಹೋಗಿ ಆ ಜಾಗ ಕಲೆಗಟ್ಟುತ್ತದೆ. ಪೊರೆ ಎಲ್ಲಿ ಹೋಯಿತೋ ಅದರಂತೆ ತೊಂದರೆ. ಒಬ್ಬರಿಗೆ ಒಂದು ಕಣ್ಣು ಮಂಜಾಗುತ್ತದೆ, ಇನ್ನೊಬ್ಬರಿಗೆ ಸೊಂಟದ ಕೆಳಗೆ ಜೋಮು, ಮತ್ತೊಬ್ಬರಿಗೆ ಮೂತ್ರ ಹಿಡಿದುಕೊಳ್ಳಲಾಗುವುದಿಲ್ಲ. ಎಷ್ಟು ಮಲಗಿದರೂ ಹೋಗದ ದಣಿವು ಬಹುಪಾಲು ಎಲ್ಲರಿಗೂ ಇದೆ. ರೋಗ ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನೊಳಗೆ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಓದು, ಕೆಲಸ, ಮದುವೆ, ಮಗು ಎಲ್ಲವೂ ಒಟ್ಟಿಗೆ ಎದುರಾಗುವ ವಯಸ್ಸದು.

ಫ್ರಾನ್ಸಿನ ಜಾನ್ ಮಾರ್ಟಿನ್ ಶಾರ್ಕೋ 1868ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದರು. ಭೂಮಧ್ಯರೇಖೆಯಿಂದ ದೂರ ಹೋದಂತೆ ರೋಗಿಗಳ ಸಂಖ್ಯೆ ಹೆಚ್ಚುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಎಂಎಸ್ ಇರುವ ದೇಶಗಳಲ್ಲಿ ಕೆನಡಾ ಒಂದು, ಅಲ್ಲಿ ಸುಮಾರು ನಾನೂರು ಜನರಲ್ಲಿ ಒಬ್ಬರಿಗೆ ಈ ರೋಗವಿದೆ. ನಮ್ಮಲ್ಲಿ ಅಪರೂಪ. ಮಂಗಳೂರಿನಲ್ಲಿ ನರರೋಗ ತಜ್ಞೆ ಲೇಖಾ ಪಂಡಿತ್ ನಡೆಸಿದ ಜನಸಮುದಾಯದ ಸಮೀಕ್ಷೆ ಲಕ್ಷಕ್ಕೆ ಸುಮಾರು ಎಂಟು ರೋಗಿಗಳನ್ನು ಗುರುತಿಸಿತ್ತು. ಅಪರೂಪವಾದ್ದರಿಂದ ಇನ್ನೊಂದು ಕಷ್ಟ. ಊರಿನ ವೈದ್ಯರಿಗೆ ಅನುಮಾನವೇ ಬರುವುದಿಲ್ಲ. ನಿಶ್ಶಕ್ತಿಗೆ ಟಾನಿಕ್, ಕಣ್ಣಿಗೆ ಡ್ರಾಪ್ಸ್, ಜೋಮಿಗೆ ವಿಟಮಿನ್ ಇಂಜೆಕ್ಷನ್ ಎಂದು ವರ್ಷಗಳು ಕಳೆಯುತ್ತವೆ.

ಝಾಂಬೋನಿ ಅವರ ಮೂಲ ಅನುಭವ ಕಾಲಿನದ್ದು. ಕಾಲಿನ ಅಭಿಧಮನಿಗಳ ಕವಾಟ ಕೆಟ್ಟಾಗ ರಕ್ತ ಅಲ್ಲೇ ನಿಂತು, ಕೆಂಪು ಕಣಗಳು ಸೋರಿ, ಅವುಗಳೊಳಗಿನ ಕಬ್ಬಿಣ ಚರ್ಮದಡಿ ಶೇಖರವಾಗುತ್ತದೆ. ಪಾದದ ಗಂಟಿನ ಬಳಿ ಚರ್ಮ ಕಪ್ಪಾಗಿ ಹುಣ್ಣಾಗುವುದನ್ನು ನಮ್ಮ ಹಳ್ಳಿಗಳಲ್ಲೂ ಎಲ್ಲರೂ ಕಂಡಿದ್ದಾರೆ. ಮೆದುಳಿನಲ್ಲೂ ಇಂಥದ್ದೇ ಆಗುತ್ತಿರಬಹುದು ಎಂದು ಅವರು ತರ್ಕಿಸಿದರು. ಮೆದುಳಿನ ರಕ್ತ ಕುತ್ತಿಗೆಯ ಎರಡೂ ಬದಿಯ ಜುಗುಲಾರ್ ಅಭಿಧಮನಿಗಳ ಮೂಲಕ ಹೃದಯಕ್ಕೆ ಇಳಿಯುತ್ತದೆ, ಬೆನ್ನುಹುರಿಯ ರಕ್ತ ಎದೆಗೂಡಿನ ಹಿಂಬದಿಯ ಅಝೈಗಸ್ ಅಭಿಧಮನಿಯ ಮೂಲಕ. ಇವು ಕಿರಿದಾದರೆ ರಕ್ತ ಹಿಮ್ಮುಖವಾಗಿ ಒತ್ತುತ್ತದೆ, ಕಬ್ಬಿಣ ಸೋರುತ್ತದೆ, ಅದರ ಕಿರಿಕಿರಿಗೆ ರೋಗನಿರೋಧಕ ಕಣಗಳು ಕೆರಳುತ್ತವೆ. ಈ ಸ್ಥಿತಿಗೆ ಅವರಿಟ್ಟ ಉದ್ದದ ಹೆಸರನ್ನು ವೈದ್ಯಲೋಕ ಸಿಸಿಎಸ್‌ವಿಐ ಎಂದು ಮೊಟಕುಮಾಡಿತು.

ಊಹೆ ತೀರಾ ಗಾಳಿಮಾತಾಗಿರಲಿಲ್ಲ. ಎಂಎಸ್ ಕಲೆಗಳ ನಟ್ಟನಡುವೆ ಒಂದು ರಕ್ತನಾಳ ಇರುತ್ತದೆಂದು ಜರ್ಮನಿಯ ರಿಂಡ್‌ಫ್ಲೈಶ್ 1863ರಷ್ಟು ಹಿಂದೆಯೇ ಬರೆದಿದ್ದರು. 1930ರ ದಶಕದಲ್ಲಿ ಅಮೆರಿಕದ ಟ್ರೇಸಿ ಪುಟ್ನಮ್ ನಾಯಿಗಳ ಮೆದುಳಿನ ಅಭಿಧಮನಿಗಳನ್ನು ಕಟ್ಟಿ ನೋಡಿದ್ದರು, ಆಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯನ್ನು ರೋಗಿಗಳಿಗೆ ಕೊಟ್ಟೂ ನೋಡಿದ್ದರು. ಅದು ಫಲ ಕೊಡಲಿಲ್ಲ. ಅಂತೂ ಹಳೆಯ ದಾರಿಯೊಂದನ್ನು ಮತ್ತೊಮ್ಮೆ ತುಳಿಯಲು ಝಾಂಬೋನಿ ಅವರಿಗೆ ಕಾರಣವಿತ್ತು.

2009ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶ ಮಾತ್ರ ಎಲ್ಲರನ್ನೂ ಬೆಚ್ಚಿಬೀಳಿಸಿತು. 65 ಎಂಎಸ್ ರೋಗಿಗಳನ್ನೂ 235 ಇತರರನ್ನೂ ಅಲ್ಟ್ರಾಸೌಂಡಿನಲ್ಲಿ ನೋಡಲಾಗಿತ್ತು. ಐದು ಲಕ್ಷಣಗಳ ಪಟ್ಟಿಯಲ್ಲಿ ಎರಡು ಕಂಡರೆ ಸಿಸಿಎಸ್‌ವಿಐ ಇದೆ ಎಂದು ಲೆಕ್ಕ. ರೋಗಿಗಳೆಲ್ಲರಲ್ಲೂ ಅದು ಇತ್ತು, ಉಳಿದವರಲ್ಲಿ ಒಬ್ಬರಲ್ಲೂ ಇರಲಿಲ್ಲ. ನೂರಕ್ಕೆ ನೂರು! ಸಿಗರೇಟು ಸೇದಿದವರೆಲ್ಲರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುವುದಿಲ್ಲ, ಸೇದದವರಿಗೂ ಬರುತ್ತದೆ. ವೈದ್ಯಶಾಸ್ತ್ರದಲ್ಲಿ ಕಾರಣಕ್ಕೂ ರೋಗಕ್ಕೂ ಇಷ್ಟು ಚೊಕ್ಕವಾದ ಹೊಂದಾಣಿಕೆ ಕಾಣುವುದು ತೀರಾ ಅಪರೂಪ. ಹಾಗೆ ಕಂಡಾಗ ಕುಣಿದಾಡುವುದಕ್ಕಿಂತ ಅಳೆದ ಕೋಲನ್ನೇ ಮೊದಲು ಅನುಮಾನಿಸಬೇಕು.

ಅದೇ ವರ್ಷದ ಡಿಸೆಂಬರಿನಲ್ಲಿ ಎರಡನೆಯ ಪ್ರಬಂಧ ಬಂತು. ತೊಡೆಸಂದಿಯ ಅಭಿಧಮನಿಯಿಂದ ತೆಳ್ಳನೆಯ ಕೊಳವೆ ತೂರಿಸಿ, ಕುತ್ತಿಗೆಯವರೆಗೆ ಒಯ್ದು, ತುದಿಯ ಬಲೂನನ್ನು ಉಬ್ಬಿಸಿ 65 ರೋಗಿಗಳ ಅಭಿಧಮನಿಗಳನ್ನು ಹಿಗ್ಗಿಸಲಾಗಿತ್ತು. ಹಲವರು ಚೇತರಿಸಿಕೊಂಡರೆಂದು ವರದಿ ಹೇಳಿತು. ಆದರೆ ಹೋಲಿಸಿ ನೋಡಲು ಚಿಕಿತ್ಸೆಯಿಲ್ಲದ ಗುಂಪೇ ಅಲ್ಲಿರಲಿಲ್ಲ. ಯಾರಿಗೆ ಏನು ಮಾಡಲಾಗಿದೆ ಎಂಬುದು ರೋಗಿಗೂ ಗೊತ್ತಿತ್ತು, ವೈದ್ಯರಿಗೂ ಗೊತ್ತಿತ್ತು. ಹಿಗ್ಗಿಸಿದ ಜುಗುಲಾರ್ ಅಭಿಧಮನಿಗಳಲ್ಲಿ ಶೇ 47ರಷ್ಟು ಮತ್ತೆ ಕಿರಿದಾದವು. ಮುಂದಿನ ಪರೀಕ್ಷೆ ಆಗಬೇಕೆಂದು ಆ ಪ್ರಬಂಧವೇ ಸೂಚಿಸಿತ್ತು. ಆದರೆ ಚಿಕಿತ್ಸೆಗೆ ಆಗಲೇ ‘ವಿಮೋಚನೆ’ ಎಂದು ಹೆಸರು ಬಿದ್ದಿತ್ತು. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ವಿಮೋಚನೆ ಸಿಗುತ್ತದೆ ಎಂದಮೇಲೆ ಪ್ರಬಂಧದ ಕೊನೆಯ ಪುಟವನ್ನು ಯಾರು ಓದುತ್ತಾರೆ?

ಕೆನಡಾದಲ್ಲಿ ಮುಂದೆ ನಡೆದದ್ದನ್ನು ಚಳವಳಿ ಎನ್ನಬಹುದು. ಫೇಸ್‌ಬುಕ್ಕಿನಲ್ಲಿ ನೂರಾರು ಗುಂಪುಗಳು ಹುಟ್ಟಿದವು, ಚಿಕಿತ್ಸೆ ಮುಗಿಸಿ ಬಂದವರು ನಡೆದು ತೋರಿಸುವ ವಿಡಿಯೊಗಳು ಯೂಟ್ಯೂಬಿನಲ್ಲಿ ಓಡಿದವು. ಅನುಮಾನ ವ್ಯಕ್ತಪಡಿಸಿದ ನರರೋಗ ತಜ್ಞರಿಗೆ ಔಷಧ ಕಂಪನಿಗಳ ಏಜೆಂಟರು ಎಂಬ ಪಟ್ಟ ಸಿಕ್ಕಿತು. ಆ ಕೋಪ ಪೂರ್ತಿ ಅನ್ಯಾಯದ್ದೇನೂ ಆಗಿರಲಿಲ್ಲ. ಎಂಎಸ್ ಔಷಧಿಗಳ ಬೆಲೆ ಆಗಲೂ ವಿಪರೀತವಾಗಿತ್ತು, ಅವು ರೋಗದ ಮರುಕಳಿಕೆಯನ್ನು ಕಡಿಮೆ ಮಾಡುತ್ತಿದ್ದವೇ ಹೊರತು ಗುಣ ಮಾಡುತ್ತಿರಲಿಲ್ಲ. ನಿಧಾನವಾಗಿ ಬೆಳೆಯುತ್ತಲೇ ಹೋಗುವ ಬಗೆಯ ಎಂಎಸ್ ಇದ್ದವರಿಗಂತೂ ಕೊಡಲು ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಇನ್ನೇನೂ ಮಾಡಲಾಗದು ಎಂದು ಕೈಚೆಲ್ಲಿದ ವೈದ್ಯರೇ, ಬೇರೊಬ್ಬರು ಏನೋ ಮಾಡುತ್ತೇನೆಂದಾಗ ಬೇಡ ಎಂದರೆ ರೋಗಿ ಯಾರನ್ನು ನಂಬಬೇಕು?

ರಾಜಕಾರಣಿಗಳು ಹಿಂದೆ ಬೀಳಲಿಲ್ಲ. ಎಂಎಸ್ ಪ್ರಮಾಣ ಬಹಳ ಹೆಚ್ಚಿರುವ ಸಸ್ಕಾಚೆವಾನ್ ಪ್ರಾಂತ್ಯದ ಮುಖ್ಯಸ್ಥ ಬ್ರ್ಯಾಡ್ ವಾಲ್ 2010ರ ಜುಲೈನಲ್ಲಿ ತಮ್ಮ ಸರ್ಕಾರವೇ ಪ್ರಯೋಗಕ್ಕೆ ಹಣ ಕೊಡುತ್ತದೆಂದು ಘೋಷಿಸಿದರು. ಮುಂದಿನ ತಿಂಗಳೇ ಕೆನಡಾದ ಆರೋಗ್ಯ ಸಂಶೋಧನಾ ಸಂಸ್ಥೆಯ ತಜ್ಞರು, ಚಿಕಿತ್ಸೆಯ ಪ್ರಯೋಗಕ್ಕೆ ಇನ್ನೂ ಕಾಲ ಬಂದಿಲ್ಲ ಎಂದರು. 2011ರ ಜೂನ್ ಹೊತ್ತಿಗೆ ಒತ್ತಡ ಎಷ್ಟಿತ್ತೆಂದರೆ ಕೇಂದ್ರ ಆರೋಗ್ಯ ಸಚಿವೆ ಲಿಯೋನಾ ಅಗ್ಲುಕ್ಕಾಕ್ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟರು. ರೋಗಿಗಳು ಬೀದಿಗಿಳಿದು ಸಂಶೋಧನೆ ಮಾಡಿಸಿದ ಅಪರೂಪದ ಸಂದರ್ಭವಿದು, ಈ ಮಟ್ಟಿಗೆ ಚಳವಳಿಗೆ ಶ್ರೇಯಸ್ಸು ಸಲ್ಲಬೇಕು.

ಅಷ್ಟರವರೆಗೆ ಕಾಯುವ ತಾಳ್ಮೆ ಹಲವರಿಗಿರಲಿಲ್ಲ. ಪೋಲೆಂಡ್, ಬಲ್ಗೇರಿಯಾ, ಕೋಸ್ಟಾರಿಕಾ, ಮೆಕ್ಸಿಕೊ, ಭಾರತ: ಹೋಗಲು ಊರುಗಳಿಗೇನು ಬರ? ವಿಮಾನ ಟಿಕೆಟ್, ಆಸ್ಪತ್ರೆ, ಹೋಟೆಲ್ ವಾಸ ಎಲ್ಲ ಸೇರಿಸಿದ ಪ್ಯಾಕೇಜುಗಳು ಬಂದವು. ಜನ ಮನೆ ಅಡವಿಟ್ಟರು, ಊರವರು ಚಂದಾ ಎತ್ತಿ ಕಳಿಸಿಕೊಟ್ಟರು. ಚಂದಾ ಹಣದಲ್ಲಿ ಹೋಗಿಬಂದವರಿಗೆ ‘ಏನೂ ಆಗಲಿಲ್ಲ’ ಎಂದು ಹೇಳುವುದು ಎಷ್ಟು ಕಷ್ಟವೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಏನೂ ಆಗದಿದ್ದರೆ ಪುಣ್ಯ ಎನ್ನುವಂಥ ಪ್ರಕರಣಗಳೂ ಇದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅಭಿಧಮನಿಗಳಿಗೆ ಸ್ಟೆಂಟ್ ಹಾಕಲಾಗುತ್ತಿತ್ತು. ಒಬ್ಬ ರೋಗಿಯ ಸ್ಟೆಂಟ್ ಜಾರಿ ಹೃದಯ ಸೇರಿ ಎದೆ ಸೀಳಿ ತೆಗೆಯಬೇಕಾಯಿತು. ಇನ್ನೊಬ್ಬರು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. 2009 ಮುಗಿಯುವ ಮೊದಲೇ ಅಲ್ಲಿ ಅದನ್ನು ನಿಲ್ಲಿಸಲಾಯಿತು. ಸ್ಟೆಂಟನ್ನು ರೂಪಿಸಿರುವುದು ಧಮನಿಗಾಗಿ. ಹೃದಯದಿಂದ ದೂರ ಹೋದಂತೆ ಕಿರಿದಾಗುವ ಧಮನಿಯಲ್ಲಿ ಅದು ಕಚ್ಚಿ ನಿಲ್ಲುತ್ತದೆ. ಅಭಿಧಮನಿ ಹೃದಯದತ್ತ ಹೋದಂತೆ ಅಗಲವಾಗುತ್ತದೆ, ರಕ್ತದ ಹರಿವೂ ಅತ್ತಲೇ. ಅಲ್ಲಿ ಸ್ಟೆಂಟ್ ಸಡಿಲಗೊಂಡರೆ ಹೋಗುವುದು ಹೃದಯಕ್ಕೆ. 2010ರಲ್ಲಿ ಕೆನಡಾದ ಯುವಕನೊಬ್ಬ ಕೋಸ್ಟಾರಿಕಾದಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದ. ಅದರಲ್ಲಿ ರಕ್ತ ಹೆಪ್ಪುಗಟ್ಟಿತು. ಮತ್ತೆ ಕೋಸ್ಟಾರಿಕಾಕ್ಕೇ ಹೋದ, ಅಲ್ಲೇ ಸತ್ತ. 2012ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಅದರಲ್ಲಿದ್ದ ಪಟ್ಟಿ: ಸಾವು, ಪಾರ್ಶ್ವವಾಯು, ಜಾರಿದ ಸ್ಟೆಂಟ್, ಹರಿದ ಅಭಿಧಮನಿ, ಹೆಪ್ಪುಗಟ್ಟಿದ ರಕ್ತ, ನರಗಳಿಗೆ ಗಾಯ, ಹೊಟ್ಟೆಯೊಳಗೆ ರಕ್ತಸ್ರಾವ.

ಇತ್ತ ಪ್ರಯೋಗಾಲಯಗಳಲ್ಲಿ ಆ ನೂರಕ್ಕೆ ನೂರು ದಿನೇ ದಿನೇ ಕರಗುತ್ತಿತ್ತು. 2010ರಲ್ಲಿ ಬರ್ಲಿನ್ನಿನ ತಂಡ 56 ರೋಗಿಗಳನ್ನು ನೋಡಿತು, ಝಾಂಬೋನಿ ಲೆಕ್ಕದ ಸಿಸಿಎಸ್‌ವಿಐ ಒಬ್ಬರಲ್ಲೂ ಇರಲಿಲ್ಲ. ಸ್ವೀಡನ್ನಿನ ಉಮೆಯೊದಲ್ಲೂ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಮಾತ್ರ ಎಂಎಸ್ ರೋಗಿಗಳಲ್ಲಿ ಶೇ 56, ಆರೋಗ್ಯವಂತರಲ್ಲಿ ಸುಮಾರು ಶೇ 23 ಎಂಬ ಅಂಕಿ ಬಂತು. ಅಲ್ಲಿಗೆ ಆರೋಗ್ಯವಂತರಲ್ಲೂ ಕಾಲು ಭಾಗದಷ್ಟು ಜನರಿಗೆ ‘ರೋಗದ ಕಾರಣ’ ಇದ್ದೂ ರೋಗವಿರಲಿಲ್ಲ. ಇಟಲಿಯಲ್ಲೇ ನಡೆದ ಕಾಸ್ಮೊ ಎಂಬ ಬೃಹತ್ ಅಧ್ಯಯನದಲ್ಲಿ ಸುಮಾರು 1,900 ಮಂದಿ ಇದ್ದರು. ಸ್ಕ್ಯಾನ್ ಯಾರದ್ದೆಂದು ತಿಳಿಯದ ತಜ್ಞರು ಒಂದೇ ಕಡೆ ಕೂತು ಅವನ್ನು ಓದಿದರು. ಎಂಎಸ್ ಇದ್ದವರಲ್ಲಿ ಶೇ 3.26, ಆರೋಗ್ಯವಂತರಲ್ಲಿ ಶೇ 2.13, ಬೇರೆ ನರರೋಗ ಇದ್ದವರಲ್ಲಿ ಶೇ 3.10. ಅಂದರೆ ವ್ಯತ್ಯಾಸವೇ ಇಲ್ಲ.

ಸೊನ್ನೆಯಿಂದ ನೂರರವರೆಗೆ ಹೀಗೆ ಅಂಕಿ ಓಲಾಡಲು ಕಾರಣ ಅಭಿಧಮನಿಯ ಸ್ವಭಾವದಲ್ಲೇ ಇದೆ. ಧಮನಿಯಂತೆ ಅದಕ್ಕೆ ದಪ್ಪನೆಯ ಗೋಡೆಯಿಲ್ಲ. ಮಲಗಿದಾಗ ಜುಗುಲಾರ್ ತುಂಬಿಕೊಳ್ಳುತ್ತದೆ. ಎದ್ದು ಕೂತರೆ ಮುಚ್ಚಿದಂತಾಗಿ, ರಕ್ತ ಬೆನ್ನೆಲುಬಿನ ಸುತ್ತಲಿನ ಸಣ್ಣ ನಾಳಗಳ ಜಾಲದಲ್ಲಿ ಇಳಿಯುತ್ತದೆ. ಕುತ್ತಿಗೆ ತಿರುಗಿಸಿದರೆ, ಉಸಿರೆಳೆದರೆ, ನೀರು ಕಡಿಮೆ ಕುಡಿದಿದ್ದರೆ ಅದರ ಅಗಲ ಬೇರೆ. ಅಲ್ಟ್ರಾಸೌಂಡ್ ಮಾಡುವವರು ಪ್ರೋಬನ್ನು ಸ್ವಲ್ಪ ಒತ್ತಿದರೂ ‘ಕಿರಿದಾಗಿದೆ’ ಎಂಬ ವರದಿ ಸಿದ್ಧ. ಎದುರಿಗಿರುವವರು ಎಂಎಸ್ ರೋಗಿ ಎಂದು ಗೊತ್ತಿದ್ದರೆ ಕೈ ಅರಿಯದೆಯೇ ಒತ್ತೀತು. ಇದರಲ್ಲಿ ಮೋಸವಿಲ್ಲ, ಮನುಷ್ಯಸ್ವಭಾವವಿದೆ.

ಭಾರತದ ವೈದ್ಯರ ಬಳಿ ಈ ಊಹೆಯನ್ನು ಪ್ರಶ್ನಿಸಲು ಇನ್ನೊಂದು ಪುರಾವೆ ಮೊದಲಿನಿಂದ ಇತ್ತು. ಹೊಗೆಸೊಪ್ಪು, ಗುಟ್ಕಾದ ದೆಸೆಯಿಂದ ಬಾಯಿಯ ಕ್ಯಾನ್ಸರ್ ನಮ್ಮಲ್ಲಿ ಮಿತಿಮೀರಿದೆ. ರೋಗ ಕುತ್ತಿಗೆಯ ಗ್ರಂಥಿಗಳಿಗೆ ಹರಡಿದಾಗ ಶಸ್ತ್ರವೈದ್ಯರು ಕೆಲವೊಮ್ಮೆ ಆ ಬದಿಯ ಜುಗುಲಾರ್ ಅಭಿಧಮನಿಯನ್ನೇ ಕತ್ತರಿಸಿ ತೆಗೆಯುತ್ತಾರೆ. ಕಿರಿದಾಗುವ ಮಾತಿರಲಿ, ಅಭಿಧಮನಿಯೇ ಇರುವುದಿಲ್ಲ. ಮುಖ ಕೆಲಕಾಲ ಊದಿಕೊಳ್ಳುತ್ತದೆ, ಬೇರೆ ನಾಳಗಳು ಆ ಕೆಲಸ ವಹಿಸಿಕೊಳ್ಳುತ್ತವೆ. ಎಂಎಸ್ ಬರುವುದಿಲ್ಲ. ನಮ್ಮ ಆಸ್ಪತ್ರೆಗಳು ಒಂದು ಮಹಡಿಯಲ್ಲಿ ಜುಗುಲಾರನ್ನು ಕತ್ತರಿಸಿ ರೋಗಿಯನ್ನು ನೆಮ್ಮದಿಯಾಗಿ ಮನೆಗೆ ಕಳಿಸುತ್ತ, ಇನ್ನೊಂದು ಮಹಡಿಯಲ್ಲಿ ಅದೇ ಜುಗುಲಾರ್ ಕಿರಿದಾಗಿದೆಯೆಂದು ವಿದೇಶಿಯಿಂದ ಡಾಲರ್ ಎಣಿಸಿಕೊಳ್ಳಲು ಹೊರಟಿದ್ದು ವ್ಯಾಪಾರದ ಹುಂಬತನವಷ್ಟೇ.

ನಿರ್ಣಾಯಕ ಪುರಾವೆ 2013ರ ಅಕ್ಟೋಬರಿನಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಆಂಥನಿ ಟ್ರಬೌಲ್ಸಿ ನೇತೃತ್ವದ ತಂಡ ಅಲ್ಟ್ರಾಸೌಂಡನ್ನಷ್ಟೇ ನೆಚ್ಚದೆ ಅಭಿಧಮನಿಯೊಳಗೇ ಕೊಳವೆ ತೂರಿಸಿ, ಬಣ್ಣ ಬಿಟ್ಟು ಎಕ್ಸ್‌ರೇ ತೆಗೆಯಿತು. ಎಂಎಸ್ ಇದ್ದವರು, ಅವರ ಒಡಹುಟ್ಟಿದವರು, ಸಂಬಂಧವಿಲ್ಲದ ಆರೋಗ್ಯವಂತರು ಹೀಗೆ ಮೂರು ಗುಂಪು, ಒಟ್ಟು 177 ಮಂದಿ. ಅರ್ಧಕ್ಕಿಂತ ಹೆಚ್ಚು ಕಿರಿದಾದ ಅಭಿಧಮನಿ ಮೊದಲ ಗುಂಪಿನ ಶೇ 74, ಎರಡನೆಯ ಗುಂಪಿನ ಶೇ 66, ಮೂರನೆಯ ಗುಂಪಿನ ಶೇ 70 ಮಂದಿಯಲ್ಲಿತ್ತು. ಕುತ್ತಿಗೆಯ ಅಭಿಧಮನಿ ಕಿರಿದಾಗಿರುವುದು ರೋಗವಲ್ಲ, ಹತ್ತರಲ್ಲಿ ಏಳು ಜನರ ಮೈಕಟ್ಟೇ ಹಾಗಿದೆ. ಈ ಲೇಖನ ಓದುತ್ತಿರುವ ಬಹಳಷ್ಟು ಮಂದಿಯದ್ದೂ ಇದ್ದೀತು.

ಹಾಗಿದ್ದರೂ ಒಂದು ವಾದ ಉಳಿದಿತ್ತು. ಕಾರಣ ಏನಾದರೂ ಆಗಿರಲಿ, ಬಲೂನು ಹಾಕಿಸಿಕೊಂಡವರಿಗೆ ಹಿತವಾಗಿದೆಯಲ್ಲ? ಇದನ್ನು ಪರೀಕ್ಷಿಸುವ ದಾರಿ ಒಂದೇ. ಎಲ್ಲರನ್ನೂ ಮೇಜಿನ ಮೇಲೆ ಮಲಗಿಸುವುದು, ಎಲ್ಲರಿಗೂ ಕೊಳವೆ ತೂರಿಸುವುದು, ಚೀಟಿ ಎತ್ತಿದಂತೆ ಆರಿಸಿದ ಕೆಲವರಿಗೆ ಮಾತ್ರ ಬಲೂನು ಉಬ್ಬಿಸುವುದು. ಯಾರಿಗೆ ನಿಜವಾದದ್ದು, ಯಾರಿಗೆ ಸೋಗಿನದ್ದು ಎಂಬುದು ರೋಗಿಗೂ ತಿಳಿಯಬಾರದು, ಆಮೇಲೆ ಅವರನ್ನು ಪರೀಕ್ಷಿಸುವ ವೈದ್ಯರಿಗೂ ತಿಳಿಯಬಾರದು. ಬಫಲೋದ ತಂಡ ಸುಮಾರು 20 ಮಂದಿಯಲ್ಲಿ ಹೀಗೆ ಮಾಡಿ ನೋಡಿ, ಲಾಭವಿಲ್ಲವೆಂದು 2013ರಲ್ಲಿ ಹೇಳಿತು. ಕೆನಡಾದ ನಾಲ್ಕು ನಗರಗಳಲ್ಲಿ 104 ಮಂದಿ ಪ್ರಯೋಗಕ್ಕೆ ಒಪ್ಪಿಕೊಂಡರು. 49 ಮಂದಿಗೆ ನಿಜವಾದ ಚಿಕಿತ್ಸೆ, 55 ಮಂದಿಗೆ ಸೋಗಿನದು. 2017ರ ಮಾರ್ಚಿನಲ್ಲಿ ಫಲಿತಾಂಶ ಹೊರಬಿತ್ತು. ಎರಡೂ ಗುಂಪಿಗೆ ವ್ಯತ್ಯಾಸವಿರಲಿಲ್ಲ.

ಕೊನೆಯ ಮೊಳೆ ಹೊಡೆದವರು ಖುದ್ದು ಝಾಂಬೋನಿ. ಅವರ ನೇತೃತ್ವದಲ್ಲಿ ಇಟಲಿಯ ಹಲವು ಆಸ್ಪತ್ರೆಗಳಲ್ಲಿ ನಡೆದ ‘ಬ್ರೇವ್ ಡ್ರೀಮ್ಸ್’ ಪ್ರಯೋಗದಲ್ಲಿ 76 ಮಂದಿಗೆ ಬಲೂನು, 39 ಮಂದಿಗೆ ಸೋಗು. ಒಂದು ವರ್ಷದ ಬಳಿಕ ನಡಿಗೆ, ಕೈಚಳಕ, ಮೂತ್ರದ ಹಿಡಿತ, ದೃಷ್ಟಿ ಎಲ್ಲವನ್ನೂ ಅಳೆದು ನೋಡಿದಾಗ ಸುಧಾರಿಸಿದವರು ಬಲೂನಿನ ಗುಂಪಿನಲ್ಲಿ ಶೇ 41.7, ಸೋಗಿನ ಗುಂಪಿನಲ್ಲಿ ಶೇ 48.7. ಈ ಚಿಕಿತ್ಸೆ ಬಹುಮಟ್ಟಿಗೆ ನಿಷ್ಫಲ, ಎಂಎಸ್ ರೋಗಿಗಳಿಗೆ ಇದನ್ನು ಶಿಫಾರಸು ಮಾಡಲಾಗದು ಎಂದು 2017ರ ನವೆಂಬರಿನಲ್ಲಿ ಪ್ರಕಟವಾದ ಪ್ರಬಂಧ ಷರಾ ಬರೆಯಿತು. ಅದರ ಮೊದಲ ಲೇಖಕರ ಹೆಸರು ಪಾವ್ಲೊ ಝಾಂಬೋನಿ. ತನ್ನ ಹೆಸರು ಹೊತ್ತು ಜಗತ್ತು ಸುತ್ತಿದ ಚಿಕಿತ್ಸೆಯನ್ನು ತಾನೇ ತಕ್ಕಡಿಗೆ ಹಾಕಿ, ತೂಕ ಬಾರದ್ದನ್ನು ಬಚ್ಚಿಡದೆ ಬರೆದ ವೈದ್ಯನನ್ನು ಗೌರವಿಸಲೇಬೇಕು. ಅವರ ಹೆಸರಲ್ಲಿ ಪ್ಯಾಕೇಜ್ ಮಾರಿದವರಲ್ಲಿ ದುಡ್ಡು ಹಿಂತಿರುಗಿಸಿದವರ ಸುದ್ದಿ ಮಾತ್ರ ಎಲ್ಲೂ ಬರಲಿಲ್ಲ.

ಸೋಗಿನ ಗುಂಪಿನ ಆ ಶೇ 48.7ರ ಮೇಲೆ ಸ್ವಲ್ಪ ಹೊತ್ತು ಕಣ್ಣಿಡಬೇಕು. ಬಲೂನೇ ಉಬ್ಬದ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಸುಧಾರಿಸಿದ್ದಾರೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಬಹುಪಾಲು ಎಂಎಸ್ ಶುರುವಿನ ವರ್ಷಗಳಲ್ಲಿ ಬಂದುಹೋಗುವ ಕಾಯಿಲೆ. ಕಣ್ಣು ಮಂಜಾಗಿ ಕೆಲವು ವಾರಗಳಲ್ಲಿ ತಿಳಿಯಾಗುತ್ತದೆ, ಸೋತ ಕಾಲು ಮತ್ತೆ ನೆಲಕ್ಕೆ ಊರುತ್ತದೆ. ಜನ ಚಿಕಿತ್ಸೆಗೆ ಓಡುವುದು ರೋಗ ಕೆರಳಿದಾಗ, ಆಮೇಲೆ ಅದು ತನ್ನಷ್ಟಕ್ಕೆ ಇಳಿಯುತ್ತದೆ, ಶ್ರೇಯಸ್ಸು ಚಿಕಿತ್ಸೆಗೆ ಸಲ್ಲುತ್ತದೆ. ಜತೆಗೆ ನಿರೀಕ್ಷೆಯ ಬಲ ಬೇರೆ. ದಣಿವು, ನೋವು, ಮಂಕುತನದಂಥ ಲಕ್ಷಣಗಳ ಮೇಲೆ ಭರವಸೆಯ ಪ್ರಭಾವ ಬಹಳ. ಯೂಟ್ಯೂಬ್ ವಿಡಿಯೊದಲ್ಲಿ ಎದ್ದು ನಡೆದವರು ನಿಜವಾಗಿಯೂ ನಡೆದಿದ್ದರು. ಅವರನ್ನು ನಡೆಸಿದ್ದು ಬಲೂನು ಎಂಬುದಷ್ಟೇ ನಿಜವಲ್ಲ. ‘ನಾನೇ ಕಣ್ಣಾರೆ ಕಂಡಿದ್ದೇನೆ’ ಎಂಬ ಸಾಕ್ಷ್ಯ ಈ ಕಾಯಿಲೆಯಲ್ಲಿ ನಡೆಯುವುದಿಲ್ಲ, ಕಂಡವರು ವೈದ್ಯರೇ ಆದರೂ.

ಹಾಗಾದರೆ ಅಭಿಧಮನಿಗೂ ಎಂಎಸ್‌ಗೂ ನಂಟೇ ಇಲ್ಲವೆ? ಇದೆ, ಕುತ್ತಿಗೆಯ ಹೆಬ್ಬೆರಳು ಗಾತ್ರದ ನಾಳದಲ್ಲಲ್ಲ, ಮೆದುಳಿನೊಳಗಿನ ಕೂದಲೆಳೆಯಂಥ ಅಭಿಧಮನಿಗಳಲ್ಲಿ. ರೋಗನಿರೋಧಕ ಕಣಗಳು ರಕ್ತದಿಂದ ಮೆದುಳಿಗೆ ನುಸುಳುವುದು ಆ ಸಣ್ಣ ನಾಳಗಳ ಗೋಡೆಯಿಂದ, ಕಲೆಯಾಗುವುದು ಅವುಗಳ ಸುತ್ತ. ರಿಂಡ್‌ಫ್ಲೈಶ್ 1863ರಲ್ಲಿ ಕಂಡದ್ದು ಅದನ್ನೇ. ಇಂದಿನ ಎಂಆರ್‌ಐ ಯಂತ್ರದಲ್ಲಿ ಕಲೆಯ ನಡುವೆ ಅಭಿಧಮನಿ ಗೆರೆಯಂತೆ ಕಾಣುತ್ತದೆ. ಇದು ಎಂಎಸ್ಸೋ ಬೇರೆ ಕಾಯಿಲೆಯೋ ಎಂದು ಬೇರ್ಪಡಿಸಲು ವೈದ್ಯರು ಈಗ ಅದನ್ನು ಬಳಸುತ್ತಿದ್ದಾರೆ. ಕೆಲವು ಹಳೆಯ ಕಲೆಗಳ ಅಂಚಿನಲ್ಲಿ ಕಬ್ಬಿಣವನ್ನು ತುಂಬಿಕೊಂಡ ಕಣಗಳ ವರ್ತುಲವೂ ಕಾಣುತ್ತದೆ. ರೋಗ ಒಳಗೊಳಗೇ ಕುದಿಯುತ್ತಿರುವುದರ ಕುರುಹು ಅದು. ಝಾಂಬೋನಿ ಹಿಡಿದ ಎರಡು ಎಳೆಗಳು, ಅಭಿಧಮನಿ ಮತ್ತು ಕಬ್ಬಿಣ, ಹೀಗೆ ವಿಜ್ಞಾನದೊಳಗೇ ಉಳಿದುಕೊಂಡಿವೆ. ಅವರು ಕಟ್ಟಿದ ಗಂಟು ಮಾತ್ರ ಬಿಚ್ಚಿಹೋಗಿದೆ.

ಕಾರಣದ ಹುಡುಕಾಟ ಬೇರೆಡೆ ಮುಂದುವರಿಯಿತು. 2022ರ ಜನವರಿಯಲ್ಲಿ ಹಾರ್ವರ್ಡಿನ ಆಲ್ಬರ್ಟೊ ಅಶೇರಿಯೊ ತಂಡ ಅಮೆರಿಕದ ಸೇನೆಯ ಒಂದು ಕೋಟಿಗೂ ಹೆಚ್ಚು ಸಿಬ್ಬಂದಿಯ ದಾಖಲೆ ಜಾಲಾಡಿ ಹೇಳಿದ್ದೇನೆಂದರೆ, ಎಪ್‌ಸ್ಟೀನ್ ಬಾರ್ ಎಂಬ ವೈರಸ್ ಸೋಂಕಿದ ಬಳಿಕ ಎಂಎಸ್ ಬರುವ ಸಾಧ್ಯತೆ 32 ಪಟ್ಟು ಏರುತ್ತದೆ. ಬಹುತೇಕ ಎಲ್ಲರಿಗೂ ತಗಲುವ ಆ ವೈರಸ್ ಕೆಲವರಲ್ಲಷ್ಟೇ ಏಕೆ ಹೀಗಾಡುತ್ತದೆ ಎಂಬುದು ಇನ್ನೂ ಬಿಡಿಸದ ಒಗಟು. ಔಷಧಿಗಳಂತೂ 2009ಕ್ಕಿಂತ ಎಷ್ಟೋ ಮುಂದೆ ಬಂದಿವೆ. ರಿಟುಕ್ಸಿಮ್ಯಾಬ್ ಎಂಬ ಚುಚ್ಚುಮದ್ದನ್ನು ಭಾರತದ ಕಂಪನಿಗಳೇ ತಯಾರಿಸುವುದರಿಂದ ಇಲ್ಲಿನ ನರರೋಗ ತಜ್ಞರು ಅದನ್ನು ಎಂಎಸ್‌ಗೆ ಬಳಸುತ್ತಿದ್ದಾರೆ. ಆರಂಭದಲ್ಲೇ ಕೊಟ್ಟರೆ ಮರುಕಳಿಕೆ ಬಹಳವಾಗಿ ತಗ್ಗುತ್ತದೆ. ರೋಗ ಬೇಗ ಪತ್ತೆಯಾಗಬೇಕು, ಅಷ್ಟೇ.

ಹಳೆಯ ಅಂಗಡಿಯಲ್ಲಿ ಈಗ ಇಟ್ಟಿರುವುದು ಸ್ಟೆಮ್ ಸೆಲ್, ಅಂದರೆ ಕಾಂಡಕೋಶ. ಭಾರತದ ಹಲವು ನಗರಗಳಲ್ಲಿ ಎಂಎಸ್, ಆಟಿಸಂ, ಬೆನ್ನುಹುರಿ ಗಾಯ, ಮಂಡಿನೋವು ಯಾವುದಕ್ಕೂ ಒಂದೇ ಮದ್ದೆಂದು ಕ್ಲಿನಿಕ್ಕುಗಳು ಜಾಹೀರಾತು ಕೊಡುತ್ತವೆ. ಇಲ್ಲೊಂದು ಎಚ್ಚರ ಬೇಕು. ತೀವ್ರ ಎಂಎಸ್ ಇರುವ ಆಯ್ದ ರೋಗಿಗಳಿಗೆ ಕೀಮೊಥೆರಪಿ ಕೊಟ್ಟು, ಅವರದೇ ರಕ್ತದ ಕಾಂಡಕೋಶಗಳನ್ನು ಮರಳಿ ತುಂಬುವ ಕಸಿ ಬೇರೆಯೇ ವಿಷಯ. ಅದಕ್ಕೆ ಗಂಭೀರ ಪ್ರಯೋಗಗಳ ಬೆಂಬಲವಿದೆ, ಅಪಾಯವೂ ಇದೆ, ದೊಡ್ಡ ಆಸ್ಪತ್ರೆಯ ಕಸಿ ಘಟಕದಲ್ಲಷ್ಟೇ ಅದು ನಡೆಯುತ್ತದೆ. ಸೊಂಟದಿಂದಲೋ ಹೊಟ್ಟೆಯ ಕೊಬ್ಬಿನಿಂದಲೋ ಏನನ್ನೋ ತೆಗೆದು ಬೆನ್ನಿಗೆ ಚುಚ್ಚಿ ಸಂಜೆಗೆ ಮನೆಗೆ ಕಳಿಸುವ ವ್ಯವಹಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಸ್ಟೆಮ್ ಸೆಲ್ ಕೊಡುವುದನ್ನು ಅನೈತಿಕವೆಂದು ನೇರವಾಗಿ ಹೇಳಿದೆ. ಜಾಹೀರಾತು ನಿಂತಿಲ್ಲ. ಅದೇ ವಿಡಿಯೊ, ಅದೇ ಕಣ್ಣೀರು, ಅದೇ ‘ಪಾಶ್ಚಾತ್ಯ ಕಂಪನಿಗಳು ಇದನ್ನು ಮುಚ್ಚಿಡುತ್ತಿವೆ’ ಎಂಬ ಪಿಸುಮಾತು.

ರೋಗಿಯನ್ನು ದೂರಿ ಫಲವಿಲ್ಲ. ಮೂವತ್ತರ ಮಗಳು ಗೋಡೆ ಹಿಡಿದು ನಡೆಯುವುದನ್ನು ನೋಡುವ ಅಪ್ಪ ಅಮ್ಮ ಎಲ್ಲಿಗೆ ಬೇಕಾದರೂ ಹೋಗುತ್ತಾರೆ, ಏನನ್ನು ಬೇಕಾದರೂ ಮಾರುತ್ತಾರೆ. ತಡೆಯಬೇಕಾದದ್ದು ಅವರನ್ನಲ್ಲ, ಅವರಿಗೆ ರಸೀದಿ ಬರೆಯುವವರನ್ನು. ಭಾರತದಲ್ಲಿ ನಡೆಯುವ ವೈದ್ಯಕೀಯ ಪ್ರಯೋಗಗಳೆಲ್ಲ ಸಾರ್ವಜನಿಕ ನೋಂದಣಿ ಪಟ್ಟಿಯಲ್ಲಿರಬೇಕು. ಯಾರು ಬೇಕಾದರೂ ಅದನ್ನು ಪುಕ್ಕಟೆಯಾಗಿ ತೆರೆದು ನೋಡಬಹುದು. ಹೊಸ ಚಿಕಿತ್ಸೆ ಎಂದು ಯಾರಾದರೂ ಹೇಳಿದರೆ ಆ ನೋಂದಣಿ ಸಂಖ್ಯೆ ಕೇಳಿ. ಸಂಖ್ಯೆಯಿಲ್ಲದಿದ್ದರೆ, ಅಥವಾ ಪ್ರಯೋಗ ಎನ್ನುತ್ತಲೇ ಬಿಲ್ಲು ಕೈಗಿಟ್ಟರೆ, ಎದ್ದು ಬನ್ನಿ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಪರವಾನಗಿ ಕೊಡಲು 2007ರ ಕಾಯ್ದೆಯಿದೆ, ಜಿಲ್ಲೆ ಜಿಲ್ಲೆಯಲ್ಲಿ ನೋಂದಣಿ ಪ್ರಾಧಿಕಾರವಿದೆ. ಸಾಬೀತಾಗದ ಚಿಕಿತ್ಸೆಗೆ ದುಡ್ಡು ಪಡೆಯುವ ಸಂಸ್ಥೆಯ ಪರವಾನಗಿಯನ್ನು ನವೀಕರಿಸುವುದಿಲ್ಲ ಎಂದು ಆ ಪ್ರಾಧಿಕಾರಗಳು ಹೇಳಬೇಕು, ಹೇಳಿದಂತೆ ನಡೆದುಕೊಳ್ಳಬೇಕು.

ಇನ್ನು ಎಂಎಸ್ ಇರುವವರ ಮನೆಯವರಿಗೆ ತಿಳಿದಿರಲೇಬೇಕಾದ ಒಂದು ವಿಷಯ. ಕಾಯಿಲೆ ತಂದ ನ್ಯೂನತೆ ನಿಗದಿತ ಪ್ರಮಾಣ ಮುಟ್ಟಿದ್ದರೆ ಸರ್ಕಾರದಿಂದ ಪ್ರಮಾಣಪತ್ರ ಪಡೆಯಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸ್ ಕೂಡ ಒಂದು.